ಹಳೇಬೀಡಿನ ವಾಹನ ದಟ್ಟಣೆ: ಪರಿಹಾರದ ದಾರಿ ಬಸ್ತಿಹಳ್ಳಿಯ ಮೂಲಕ

ಹಳೇಬೀಡು: ರಿಯಾದ್‌ನಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ 45ನೇ ಅಧಿವೇಶನವು 2023ರ ಸೆಪ್ಟೆಂಬರ್ 18ರಂದು ಬೇಲೂರಿನ ಚನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳನ್ನು ಒಟ್ಟಾಗಿ ಭಾರತದ 42ನೇ ಪರಂಪರೆ ತಾಣವಾಗಿ ಪಟ್ಟಿಗೆ ಸೇರಿಸಿತು. 2014ರಿಂದಲೂ ತಾತ್ಕಾಲಿಕ ಪಟ್ಟಿಯಲ್ಲಿಯೇ ಇದ್ದ ಹೊಯ್ಸಳ ಶಿಲ್ಪಕಲೆಗೆ ದೊರೆತ ಈ ಮನ್ನಣೆ ನಾಡಿಗೆ ಸಂತಸ ತಂದದ್ದು ಸಹಜ. ಆದರೆ ಮನ್ನಣೆಯೊಂದಿಗೆ ಹಳೇಬೀಡಿನ ಮುಂದೆ ಬಂದು ನಿಂತ ಪ್ರಶ್ನೆ ಶಿಲ್ಪಕ್ಕಾಗಲೀ ಇತಿಹಾಸಕ್ಕಾಗಲೀ ಸಂಬಂಧಿಸಿದ್ದಲ್ಲ. ಬಂದವರು ತಮ್ಮ ವಾಹನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಆ ಪ್ರಶ್ನೆ.

ಮೇಲ್ನೋಟಕ್ಕೆ ಇದು ಕ್ಷುಲ್ಲಕ ವಿಷಯ. ಪ್ರವಾಸಿ ತಾಣ ಎಂದ ಮೇಲೆ ದಟ್ಟಣೆ ಇದ್ದದ್ದೇ, ಇನ್ನೊಂದು ಎಕರೆ ಜಾಗ ಸಮತಟ್ಟು ಮಾಡಿದರೆ ಆಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ಹಳೇಬೀಡಿನ ಮಟ್ಟಿಗೆ ಈ ಅಭಿಪ್ರಾಯ ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ. ಹೊಯ್ಸಳರ ರಾಜಧಾನಿ ದೋರಸಮುದ್ರ ಹರಡಿದ್ದ ನೆಲ ಇದು. ಇಲ್ಲಿ ಸಮತಟ್ಟು ಮಾಡಲು ಹೊರಟ ಯಂತ್ರಕ್ಕೆ ಏನು ಸಿಕ್ಕೀತು ಎಂಬುದನ್ನು ಯಾರೂ ಮುಂಚಿತವಾಗಿ ಹೇಳಲಾರರು. 2021ರಲ್ಲಿ ಬಸ್ತಿಹಳ್ಳಿಯ ಬಳಿ ನಡೆದ ಉತ್ಖನನದಲ್ಲಿ ಜೈನ ಬಸದಿಯೊಂದರ ಅವಶೇಷಗಳು ಬೆಳಕಿಗೆ ಬಂದದ್ದು ಇದಕ್ಕೆ ಇತ್ತೀಚಿನ ಸಾಕ್ಷಿ.

ಸಮಸ್ಯೆ ಜಾಗದ ಕೊರತೆಯದ್ದು ಎಂದು ಭಾವಿಸಿದಷ್ಟು ಕಾಲವೂ ಪರಿಹಾರ ದೊರೆಯುವುದಿಲ್ಲ. ವಾಹನ ಎಲ್ಲಿ ನಿಲ್ಲುತ್ತದೆ ಎಂಬುದು ಪ್ರವಾಸಿಗ ಏನನ್ನು ನೋಡುತ್ತಾನೆ, ಎಷ್ಟು ಹೊತ್ತು ಇರುತ್ತಾನೆ, ಎಲ್ಲಿ ಹಣ ಖರ್ಚು ಮಾಡುತ್ತಾನೆ ಎಂಬುದೆಲ್ಲವನ್ನೂ ನಿರ್ಧರಿಸುತ್ತದೆ. ಹಳೇಬೀಡಿನಲ್ಲಿ ವಾಹನ ನಿಲ್ಲುವುದು ಹೊಯ್ಸಳೇಶ್ವರನ ಬಾಗಿಲಲ್ಲಿ. ಅದಕ್ಕಾಗಿಯೇ ಅಲ್ಲಿಂದ ಹತ್ತು ನಿಮಿಷದ ನಡಿಗೆಯಷ್ಟೇ ದೂರದಲ್ಲಿರುವ ಬಸ್ತಿಹಳ್ಳಿಯನ್ನು ಬಹುಪಾಲು ಪ್ರವಾಸಿಗರು ಕಾಣದೆಯೇ ಊರಿಗೆ ಮರಳುತ್ತಾರೆ.

ಹತ್ತು ನಿಮಿಷದ ದೂರ

ಬಸ್ತಿಹಳ್ಳಿಯ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ಒಂದೇ ಆವರಣದಲ್ಲಿ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಆತನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ. ಗರ್ಭಗುಡಿಯಲ್ಲಿ ಸುಮಾರು 18 ಅಡಿ ಎತ್ತರದ ಕಪ್ಪುಶಿಲೆಯ ಪಾರ್ಶ್ವನಾಥ ಮೂರ್ತಿ ನಿಂತಿದೆ. ನವರಂಗದ ಕಂಬಗಳನ್ನು ಕಡೆದು ನುಣುಪುಗೊಳಿಸಿದ ಬಗೆ ಎಂಥದೆಂದರೆ, ಒಂಬತ್ತು ಶತಮಾನಗಳ ತರುವಾಯವೂ ಎದುರು ನಿಂತವರ ಪ್ರತಿಬಿಂಬ ಅವುಗಳಲ್ಲಿ ಮೂಡುತ್ತದೆ. ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಆನೆ, ಕುದುರೆ, ಪುರಾಣ ಕಥನಗಳು ಸಾಲುಗಟ್ಟಿದ್ದರೆ, ಇಲ್ಲಿನ ಹೊರಗೋಡೆ ಸರಳ, ಸೊಬಗೆಲ್ಲ ಒಳಗಿದೆ. ಶಿಲ್ಪಿಗಳು ಒಂದೇ ಕಾಲದಲ್ಲಿ ಒಂದೇ ಊರಿನಲ್ಲಿ ಎರಡು ಬಗೆಯ ಸೌಂದರ್ಯ ಕಲ್ಪನೆಯನ್ನು ಸಾಧಿಸಿದ್ದರು ಎಂಬುದು ಎರಡನ್ನೂ ನೋಡಿದವರಿಗಷ್ಟೇ ತಿಳಿಯುವ ಸಂಗತಿ.

ಈ ಬಸದಿಯ ಪ್ರತಿಷ್ಠಾಪನೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಅರಸನಿಗೆ ಒಯ್ದು ಕೊಟ್ಟರೆಂದು ಶಾಸನ ತಿಳಿಸುತ್ತದೆ. ಯುದ್ಧದಲ್ಲಿ ಜಯ ದೊರೆತು, ಮಗನೂ ಹುಟ್ಟಿದ ಸಂತಸದಲ್ಲಿದ್ದ ವಿಷ್ಣುವರ್ಧನ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟ. ಅರಸನಿಗೆ ಬಿಡುವಿರಲಿಲ್ಲವಾದ್ದರಿಂದ ಪ್ರಸಾದವೇ ಅವನಲ್ಲಿಗೆ ಹೋಯಿತು. ಇಂದಿನ ಪ್ರವಾಸಿಗನಿಗೂ ಬಿಡುವಿಲ್ಲ. ವ್ಯತ್ಯಾಸವೆಂದರೆ ಅವನಲ್ಲಿಗೆ ಯಾರೂ ಏನನ್ನೂ ಒಯ್ಯುವುದಿಲ್ಲ.

ಬಸದಿಗಳ ಸಮೀಪದಲ್ಲೇ ಇರುವ ಕೇದಾರೇಶ್ವರ ದೇವಾಲಯದ್ದೂ ಇದೇ ಸ್ಥಿತಿ. ಇಮ್ಮಡಿ ವೀರಬಲ್ಲಾಳ ಮತ್ತು ರಾಣಿ ಕೇತಲದೇವಿಯರ ಕಾಲದ ಈ ನಕ್ಷತ್ರಾಕಾರದ ಗುಡಿ ಶಿಲ್ಪದ ನಯದಲ್ಲಿ ಹೊಯ್ಸಳೇಶ್ವರಕ್ಕೆ ಸರಿಸಾಟಿ. ಅದರ ಸುತ್ತ ನಿಂತು ಒಂದು ಗಂಟೆ ಕಾದರೂ ಹತ್ತು ಜನರನ್ನು ಕಾಣದ ದಿನಗಳುಂಟು.

ಪರಂಪರೆ ಪಟ್ಟಿಗೆ ಸೇರಿದ ಘಟಕ ಹೊಯ್ಸಳೇಶ್ವರ ದೇವಾಲಯವೇ ಹೊರತು ಬಸದಿಗಳಾಗಲೀ ಕೇದಾರೇಶ್ವರವಾಗಲೀ ಅಲ್ಲ. ಹೀಗಾಗಿ ಯುನೆಸ್ಕೊ ಹೆಸರನ್ನು ಕೇಳಿ ಬರುವವರು ಮೊದಲಿಗಿಂತಲೂ ಹೆಚ್ಚಾಗಿ ಒಂದೇ ಬಾಗಿಲಿನ ಮುಂದೆ ಸೇರುತ್ತಾರೆ. ಎರಡೂ ಕಡೆಯ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಕಾನೂನಿನ ಕಣ್ಣಿಗೆ ಅವು ಸಮಾನ. ಬಸ್ ಚಾಲಕನ ಕಣ್ಣಿಗೆ ಮಾತ್ರ ಸಮಾನವಲ್ಲ.

ಬಸ್ಸಿನ ಗಡಿಯಾರ

ಚಾಲಕನನ್ನು ದೂರಿ ಫಲವಿಲ್ಲ. ಬೆಂಗಳೂರಿನಿಂದ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ಸುತ್ತಿಸುವ ಪ್ರವಾಸ ದಶಕಗಳಿಂದ ಜನಪ್ರಿಯ. ಹೋಗಿಬರುವ ದಾರಿಯೇ 450 ಕಿ.ಮೀ. ಮೀರುತ್ತದೆ. ಬೇಲೂರಿನಿಂದ ಹಳೇಬೀಡಿಗೆ ಕೇವಲ 16 ಕಿ.ಮೀ. ಆದರೂ, ಬೆಟ್ಟ ಹತ್ತಿ ಇಳಿದು, ಚನ್ನಕೇಶವನನ್ನು ನೋಡಿ, ಊಟ ಮುಗಿಸಿ ಬಸ್ಸು ಇಲ್ಲಿಗೆ ತಲುಪುವಾಗ ಹಗಲಿನ ಬಹುಭಾಗ ಕಳೆದಿರುತ್ತದೆ. ಹಳೇಬೀಡಿಗೆ ಉಳಿಯುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಚಪ್ಪಲಿ ಬಿಡುವುದು, ಮಾರ್ಗದರ್ಶಿಯ ಜೊತೆ ಜಗತಿಯ ಸುತ್ತ ಒಂದು ಪ್ರದಕ್ಷಿಣೆ, ನಂದಿಯ ಎದುರು ಒಂದು ಛಾಯಾಚಿತ್ರ. ಅಷ್ಟರಲ್ಲಿ ಹಾರ್ನ್ ಕೇಳಿಸುತ್ತದೆ. ಬಸ್ತಿಹಳ್ಳಿಗೆ ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ನೋಡಲು ಇಪ್ಪತ್ತು ನಿಮಿಷ ಎಂದರೆ ನಲವತ್ತು ನಿಮಿಷವಾಯಿತು. ಈ ನಲವತ್ತು ನಿಮಿಷವನ್ನು ಆ ಗಡಿಯಾರದಲ್ಲಿ ಹುಡುಕುವುದು ಕಷ್ಟ.

ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಹೋಗುವ ವಾರಾಂತ್ಯದ ಕಾರುಗಳು ಇದಕ್ಕೆ ಸೇರುತ್ತವೆ. ದಟ್ಟಣೆ ತಾಳಲಾರದೆ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ವಿಧಿಸಿ, 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿಯನ್ನು ಅಲ್ಲಿನ ಜಿಲ್ಲಾಡಳಿತ ಜಾರಿಗೆ ತಂದಿತು. ಗಿರಿಯಲ್ಲಿ ಜಾಗ ಸಿಗದವರು ದೇಗುಲಗಳತ್ತ ತಿರುಗುವ ಸಂಭವ ಹೆಚ್ಚೇ ಹೊರತು ಕಡಿಮೆಯಲ್ಲ. ಇನ್ನು ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ದೇಗುಲ ದರ್ಶನಕ್ಕೆ ಹೊರಡುವ ಮಹಿಳೆಯರ ಗುಂಪುಗಳೂ ಕಾಣಸಿಗುತ್ತವೆ. ಇವರಿಗೆ ವಾಹನ ನಿಲುಗಡೆಯ ಚಿಂತೆ ಇಲ್ಲ. ಬಸ್ ನಿಲ್ದಾಣದಿಂದ ಹೊಯ್ಸಳೇಶ್ವರಕ್ಕೆ ಕೆಲವೇ ನಿಮಿಷದ ದಾರಿ. ಆದರೆ ಬಸ್ತಿಹಳ್ಳಿಯತ್ತ ನೆಮ್ಮದಿಯಿಂದ ನಡೆಯಬೇಕಾದರೆ ಕಾಲುದಾರಿ, ನೆರಳು, ಕೈಮರ ಬೇಕು. ನಡೆದು ಬರುವವರ ಬಗ್ಗೆ ಚರ್ಚೆಯೇ ಆಗುವುದಿಲ್ಲ ಎಂಬುದು ನಮ್ಮ ಪ್ರವಾಸೋದ್ಯಮ ಯೋಜನೆಗಳ ಹಳೆಯ ದೌರ್ಬಲ್ಯ.

ಎಷ್ಟು ಜನ ಬರುತ್ತಾರೆ ಎಂಬ ಪ್ರಶ್ನೆಯೂ ಅಷ್ಟು ಸುಲಭವಲ್ಲ. ಸೋಮನಾಥಪುರದಲ್ಲಿ ಪ್ರವೇಶ ಶುಲ್ಕವಿದೆ, ಹಾಗಾಗಿ ಟಿಕೆಟ್ ಲೆಕ್ಕವಿದೆ. ಹೊಯ್ಸಳೇಶ್ವರಕ್ಕೆ ಟಿಕೆಟ್ ಇಲ್ಲದೆ ಪ್ರವೇಶ. ಇದು ಜನಸಾಮಾನ್ಯರಿಗೆ ಒಳ್ಳೆಯದೇ. ಆದರೆ ಯೋಜನೆ ರೂಪಿಸುವವರು ಬಾಗಿಲಲ್ಲಿ ನಿಂತು ತಲೆ ಎಣಿಸದೆ ಅಂದಾಜಿನ ಮೇಲೆ ಎಕರೆಗಳನ್ನು ಕೇಳತೊಡಗಿದರೆ ಅದು ಬೇರೆಯೇ ಅನರ್ಥಕ್ಕೆ ದಾರಿ.

ಮುನ್ನೂರು ಮೀಟರ್‌ನ ವೃತ್ತಗಳು

ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಸಲ್ಲದು; ಎರಡನೆಯದರಲ್ಲಿ ಅನುಮತಿ ಇಲ್ಲದೆ ಸಲ್ಲದು. ನಿಷೇಧಿತ ಪ್ರದೇಶದೊಳಗೆ ಸರ್ಕಾರಿ ಕಾಮಗಾರಿಗಳಿಗೆ ಅವಕಾಶ ನೀಡುವ ಮತ್ತೊಂದು ತಿದ್ದುಪಡಿ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತಾದರೂ ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಯ ಪಾಲಾಗಿ ಕಾಯ್ದೆಯ ರೂಪ ಪಡೆಯಲಿಲ್ಲ.

ಒಂಟಿ ಸ್ಮಾರಕವಿರುವ ಊರಿನಲ್ಲಿ ಇದನ್ನು ನಿಭಾಯಿಸಬಹುದು. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಗಳು ಪರಸ್ಪರ ಹತ್ತಿರದಲ್ಲಿವೆ. ಎರಡು ಸ್ಮಾರಕಗಳ ನಡುವಿನ ಅಂತರ 600 ಮೀಟರ್‌ಗಿಂತ ಕಡಿಮೆಯಿದ್ದರೆ ಅವುಗಳ ಮುನ್ನೂರು ಮೀಟರ್‌ನ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ನಡುವೆ ಕಾನೂನಿನ ಕೈಗೆ ಸಿಗದ ನೆಲವೇ ಉಳಿಯುವುದಿಲ್ಲ. ಬಸ್ತಿಹಳ್ಳಿಯ ನಿವಾಸಿಗಳು ಬದುಕುತ್ತಿರುವುದು ಇಂಥ ವೃತ್ತಗಳೊಳಗೆ. ನಿಷೇಧಿತ ಪ್ರದೇಶದಲ್ಲಿರುವ ಮನೆಯ ಗೋಡೆ ಬಿರುಕು ಬಿಟ್ಟರೆ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಮೂಲಕ ಅನುಮತಿ ಬೇಕು. ಮಗನಿಗೊಂದು ಕೋಣೆ ಸೇರಿಸೋಣವೆಂದರೆ ಅದು ವಿಸ್ತರಣೆಯಾಗುತ್ತದೆ, ಅಲ್ಲಿಗೆ ಮುಗಿಯಿತು.

ಪರಂಪರೆ ಸಂರಕ್ಷಣೆಗೆ ಇಂಥ ನಿರ್ಬಂಧ ಬೇಕೇ ಎಂದರೆ ಬೇಕು. ಬೇಲೂರಿನ ದೇವಾಲಯದ ಮುಂದಿನ ರಥಬೀದಿಯ ಇಕ್ಕಟ್ಟನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನ್ಯಾಯದ ಪ್ರಶ್ನೆಯೊಂದು ಇಲ್ಲಿದೆ. ಸಂರಕ್ಷಣೆಯ ಭಾರವನ್ನು ಬಸ್ತಿಹಳ್ಳಿ ಪೂರ್ತಿಯಾಗಿ ಹೊತ್ತಿದೆ. ಸಂರಕ್ಷಣೆಯಿಂದ ಬರುವ ಲಾಭ, ಅಂದರೆ ಎಳನೀರು, ಊಟ, ವಸತಿ, ಕರಕುಶಲ ವಸ್ತುಗಳ ಮಾರಾಟ, ಮಾರ್ಗದರ್ಶಿಗಳ ದುಡಿಮೆ ಇವೆಲ್ಲ ವಾಹನ ನಿಲ್ಲುವ ಒಂದೇ ರಸ್ತೆಯ ಸುತ್ತ ಸೇರಿಕೊಂಡಿವೆ. ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಶಾಂತಲಾ ಇರುವುದೂ ಹೊಯ್ಸಳೇಶ್ವರದ ಎದುರಿನಲ್ಲೇ.

ಇದೇ ಕಾಯ್ದೆಯಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಅಂಶವಿದೆ. ‘ನಿರ್ಮಾಣ’ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯಿಂದ ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಪೂರೈಕೆ, ವಿದ್ಯುತ್ ಪೂರೈಕೆಯ ಕೆಲಸಗಳನ್ನು ಹೊರಗಿಡಲಾಗಿದೆ. ಹೀಗಿದ್ದರೂ ಸ್ಮಾರಕಗಳ ಸುತ್ತ ಶೌಚಾಲಯದ ಮಾತು ಬಂದಾಗಲೆಲ್ಲ ನೂರು ಮೀಟರ್‌ನ ನಿಯಮವನ್ನು ಮುಂದೊಡ್ಡುವುದು ನಾಡಿನಾದ್ಯಂತ ರೂಢಿಯಾಗಿಬಿಟ್ಟಿದೆ. ಶಾಲಾ ಬಾಲಕಿಯರ ಬಸ್ಸುಗಳು ಬಂದು ನಿಲ್ಲುವ ತಾಣದಲ್ಲಿ ಈ ನೆಪ ಸಲ್ಲದು.

ಬೇರೆಡೆಯ ಪಾಠ

ವಾಹನವನ್ನು ಸ್ಮಾರಕದಿಂದ ದೂರ ನಿಲ್ಲಿಸುವುದು ಹೊಸ ಕಲ್ಪನೆಯಲ್ಲ. ಅಜಂತಾ ಗುಹೆಗಳಿಗೆ ಹೋಗುವವರು ಸುಮಾರು 4 ಕಿ.ಮೀ. ಮುಂಚೆಯೇ ಇಳಿದು ಬೇರೆ ಬಸ್ಸು ಹತ್ತಬೇಕು. ತಾಜ್‌ಮಹಲ್‌ನ 500 ಮೀಟರ್ ಸುತ್ತಳತೆಯಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳಿಗೆ ನಿರ್ಬಂಧವಿದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ 2013ರಲ್ಲಿ ಸಂದರ್ಶಕರ ಕೇಂದ್ರವನ್ನು 2 ಕಿ.ಮೀ.ಗೂ ಆಚೆಗೆ ಒಯ್ದು, ಕಲ್ಲುಗಳ ಪಕ್ಕದಲ್ಲೇ ಹಾದುಹೋಗುತ್ತಿದ್ದ ಹೆದ್ದಾರಿಯನ್ನು ಮುಚ್ಚಿ ಹುಲ್ಲು ಬೆಳೆಸಲಾಯಿತು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಹಂಪಿ. ವಿಜಯ ವಿಠ್ಠಲ ದೇವಾಲಯಕ್ಕೆ ಸುಮಾರು ಒಂದು ಕಿ.ಮೀ. ದೂರದ ಗೆಜ್ಜಲ ಮಂಟಪದ ಬಳಿ ವಾಹನಗಳನ್ನು ತಡೆದು, ಅಲ್ಲಿಂದ ಬ್ಯಾಟರಿ ವಾಹನಗಳನ್ನು ಓಡಿಸುವ ವ್ಯವಸ್ಥೆ ಬಂದು ವರ್ಷಗಳೇ ಆದವು. ಅವುಗಳನ್ನು ಸ್ಥಳೀಯ ಹೆಣ್ಣುಮಕ್ಕಳು ಚಲಾಯಿಸತೊಡಗಿದ್ದು ಆ ವ್ಯವಸ್ಥೆಯ ಅತ್ಯುತ್ತಮ ಭಾಗ. ಸಾಲು ಉದ್ದವಾದಾಗ ಕಾಯುವವರ ಸಹನೆ ಕೆಡುತ್ತದೆ ಎಂಬುದೂ ನಿಜ. ಬ್ಯಾಟರಿ ವಾಹನಗಳ ಸಂಖ್ಯೆ ಕಡಿಮೆಯಾದ ದಿನ ಒಂದು ಕಿ.ಮೀ. ದೂರ ಬಿಸಿಲಿನಲ್ಲಿ ಎರಡರಷ್ಟಾಗುತ್ತದೆ.

ಹಂಪಿಯಿಂದ ಕಲಿಯಬೇಕಾದ ಕಹಿ ಪಾಠಗಳೂ ಇವೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಹೊರಟ ಸೇತುವೆಗಳ ಕಾರಣದಿಂದಲೇ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. ಅದರಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿಯ ಹಂತದಲ್ಲೇ ಕುಸಿಯಿತು. ಪರಂಪರೆ ತಾಣದ ಭವಿಷ್ಯಕ್ಕೆ ಕುತ್ತು ತಂದದ್ದು ಶಿಲ್ಪಕ್ಕೆ ಆದ ಹಾನಿಯಲ್ಲ, ಸಂಪರ್ಕ ಕಲ್ಪಿಸುವ ಒಂದು ಲೋಕೋಪಯೋಗಿ ಕಾಮಗಾರಿ ಎಂಬುದನ್ನು ಹಾಸನ ಜಿಲ್ಲಾಡಳಿತ ಮರೆಯುವಂತಿಲ್ಲ. 2011ರಲ್ಲಿ ಹಂಪಿ ಬಜಾರಿನ ನಿವಾಸಿಗಳನ್ನು ತೆರವುಗೊಳಿಸಿದ ರೀತಿ ಇಂದಿಗೂ ವಿವಾದಾಸ್ಪದ. ಬಸ್ತಿಹಳ್ಳಿಯಲ್ಲಿ ಪ್ರವಾಸೋದ್ಯಮದ ಮಾತೆತ್ತಿದರೆ ಜನ ಮೊದಲು ಕೇಳುವುದು ‘ನಮ್ಮನ್ನು ಎಬ್ಬಿಸುತ್ತಾರೆಯೇ’ ಎಂದೇ ಆದರೆ ಅದರಲ್ಲಿ ಅಚ್ಚರಿಯಿಲ್ಲ.

ಇಳಿಯುವುದು ಅಲ್ಲಿ, ಹತ್ತುವುದು ಇಲ್ಲಿ

ಹಾಗಾದರೆ ಮಾಡಬೇಕಾದುದೇನು? ಬಸ್ಸುಗಳ ಮಟ್ಟಿಗೆ ಉತ್ತರ ಸರಳವಾಗಿದೆ. ಪ್ರವಾಸಿಗರನ್ನು ಬಸ್ತಿಹಳ್ಳಿಯಲ್ಲಿ ಇಳಿಸಬೇಕು, ಹೊಯ್ಸಳೇಶ್ವರದ ಬಳಿ ಹತ್ತಿಸಿಕೊಳ್ಳಬೇಕು. ಹೀಗೆ ಮಾಡಿದರೆ ಹಿಂದಿರುಗಿ ನಡೆಯುವ ಹತ್ತು ನಿಮಿಷ ಉಳಿಯುತ್ತದೆ. ಬಸದಿಗಳನ್ನೂ ಕೇದಾರೇಶ್ವರವನ್ನೂ ನೋಡಿಕೊಂಡು, ಕೊನೆಗೆ ಹೊಯ್ಸಳೇಶ್ವರಕ್ಕೆ ಬರುವ ಕ್ರಮ ಪ್ರವಾಸದ ದೃಷ್ಟಿಯಿಂದಲೂ ಒಳ್ಳೆಯದು. ದೊಡ್ಡದನ್ನು ಮೊದಲು ನೋಡಿದವರು ಚಿಕ್ಕದಕ್ಕೆ ಕಾಲು ಎತ್ತುವುದಿಲ್ಲ.

ಇದರಿಂದ ನಿಲುಗಡೆಯ ಲೆಕ್ಕವೂ ಬದಲಾಗುತ್ತದೆ. ಬಸ್ಸೊಂದು ದೇವಾಲಯದ ಬಳಿ 80 ನಿಮಿಷ ನಿಂತರೆ ಎಂಟು ಗಂಟೆಯ ಹಗಲಿನಲ್ಲಿ ಒಂದು ಜಾಗದಲ್ಲಿ ನಿಲ್ಲಬಹುದಾದದ್ದು ಆರೇ ಬಸ್ಸು. ಹತ್ತಿಸಿಕೊಂಡು ಹೊರಡಲು ಹತ್ತು ನಿಮಿಷ ಸಾಕೆಂದಾದರೆ ಅದೇ ಜಾಗ 48 ಬಸ್ಸುಗಳಿಗೆ ಒದಗುತ್ತದೆ. ಎಲ್ಲ ಬಸ್ಸುಗಳೂ ಶಿಸ್ತಿನಿಂದ ಸರದಿಯಲ್ಲಿ ಬರಲಾರವು, ಮಕ್ಕಳು ಹತ್ತು ನಿಮಿಷದಲ್ಲಿ ಬಸ್ಸು ಏರುವುದೂ ಅಷ್ಟರಲ್ಲೇ ಇದೆ. ಅರ್ಧದಷ್ಟು ಸಾಧ್ಯವಾದರೂ ಜಾಗದ ಉಪಯೋಗ ನಾಲ್ಕು ಪಟ್ಟಾಗುತ್ತದೆ. ಈ ನಡುವೆ ಖಾಲಿ ಬಸ್ಸು ಎಲ್ಲಿ ಕಾಯಬೇಕು? ಅಲ್ಲಿಗೆ ಪ್ರವಾಸಿಗರು ನಡೆಯಬೇಕಿಲ್ಲವಾದ್ದರಿಂದ ಎರಡು ಕಿ.ಮೀ. ಆಚೆಯೂ ಆದೀತು, ಮೂರು ಕಿ.ಮೀ. ಆಚೆಯೂ ಆದೀತು. ಅಂದರೆ ಸ್ಮಾರಕಗಳ ವೃತ್ತಗಳಿಂದ ಪೂರ್ತಿ ಹೊರಗೆ. ಚಾಲಕನ ಮೊಬೈಲಿಗೆ ಒಂದು ಕರೆ ಹೋದರೆ ಸಾಕು.

ಕಾರುಗಳದ್ದು ಇಷ್ಟು ಸುಲಭದ ಮಾತಲ್ಲ. ಕಾರು ಓಡಿಸುವವನೇ ಪ್ರವಾಸಿಗ. ಅವನು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವಂತಿಲ್ಲ. ತೆರೆದ ನಿಲುಗಡೆಯಲ್ಲಿ ಓಡಾಟದ ಜಾಗವೂ ಸೇರಿ ಕಾರೊಂದಕ್ಕೆ ಸಾಮಾನ್ಯವಾಗಿ 23 ಚದರ ಮೀಟರ್ ಲೆಕ್ಕ ಹಾಕುತ್ತಾರೆ. ಒಂದು ಎಕರೆಯಲ್ಲಿ ಸುಮಾರು 175 ಕಾರುಗಳು. ಈ ಎಕರೆಯನ್ನು ಊರಿನ ಹೊರಗೆ, ಬಸ್ತಿಹಳ್ಳಿಯ ಕಡೆಯಿಂದ ಪ್ರವೇಶವಿರುವಂತೆ ಕಂಡುಕೊಂಡು, ಅಲ್ಲಿಂದ ಬಸದಿ, ಕೇದಾರೇಶ್ವರ, ಹೊಯ್ಸಳೇಶ್ವರ, ಬಸ್ ನಿಲ್ದಾಣ ಎಂಬ ನಾಲ್ಕು ನಿಲುಗಡೆಗಳಲ್ಲಿ ಬ್ಯಾಟರಿ ವಾಹನ ಸುತ್ತುವಂತೆ ಮಾಡುವುದು ಹಂಪಿಯ ಮಾದರಿ. ವೃದ್ಧರು, ಅಂಗವಿಕಲರು ಇರುವ ವಾಹನಗಳನ್ನು ಬಾಗಿಲಿನವರೆಗೆ ಬಿಡಲೇಬೇಕು.

ಆ ಎಕರೆಗಾಗಿ ಭೂಸ್ವಾಧೀನದ ಮಾತೆತ್ತುವ ಮೊದಲು ಈ ಸೀಮೆಯ ಬೇಸಾಯದ ಕಾಲಮಾನವನ್ನು ನೋಡುವುದು ಲೇಸು. ಮಳೆಯಾಶ್ರಿತ ರಾಗಿಯ ಕಟಾವು ನವೆಂಬರ್, ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಪ್ರವಾಸಿಗರ ನೂಕುನುಗ್ಗಲು ಶುರುವಾಗುವುದೂ ಆಗಲೇ. ಕೊಯ್ದ ಹೊಲ ಮುಂಗಾರು ಪೂರ್ವ ಮಳೆಯವರೆಗೆ ಖಾಲಿ ಇರುತ್ತದೆ. ಋತುಮಾನದ ಗುತ್ತಿಗೆಯ ಮೇಲೆ ರೈತರಿಂದಲೇ ಹೊಲ ಪಡೆದು, ಡಾಂಬರು ಹಾಕದೆ, ನೆಲ ಅಗೆಯದೆ, ಹಗ್ಗ ಕಟ್ಟಿ ಸಾಲು ಗುರುತಿಸಿದರೆ ರೈತನಿಗೂ ಆದಾಯ, ನೆಲದಡಿಯ ಅವಶೇಷಕ್ಕೂ ಅಭಯ. ವಾಹನ ಓಡಾಡಿ ಗಟ್ಟಿಯಾದ ಮಣ್ಣನ್ನು ಆಳವಾಗಿ ಉಳುವ ವೆಚ್ಚವನ್ನು ಗುತ್ತಿಗೆಯಲ್ಲಿ ಸೇರಿಸಬೇಕಾಗುತ್ತದೆ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವ ಮುನ್ನ ಭೂ ಪರಿವರ್ತನೆ ಕೇಳುವ ಭೂಕಂದಾಯ ಕಾಯ್ದೆಯ 95ನೇ ಕಲಂ ಇಂಥ ಹಂಗಾಮಿ ಬಳಕೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕಂದಾಯ ಇಲಾಖೆ ಲಿಖಿತವಾಗಿ ಹೇಳಬೇಕು. ಇಲ್ಲದಿದ್ದರೆ ನಾಳೆ ನೋಟಿಸು ಬರುವುದು ರೈತನ ಮನೆಗೇ.

ವಿರೋಧವಿಲ್ಲದೆ ಇದು ನಡೆಯುತ್ತದೆ ಎಂದು ನಂಬುವುದು ಮುಗ್ಧತೆ. ಹೊಯ್ಸಳೇಶ್ವರದ ಮುಂದಿನ ವ್ಯಾಪಾರಿಗಳಿಗೆ ವಾಹನ ದೂರ ಹೋದರೆ ಗಿರಾಕಿಯೂ ದೂರ ಹೋದಾನೆಂಬ ಭಯವಿರುತ್ತದೆ. ಆದರೆ ಮೇಲಿನ ಕ್ರಮದಲ್ಲಿ ಪ್ರವಾಸಿಗರು ಬಸ್ಸಿಗಾಗಿ ಕಾಯುವುದು ಹೊಯ್ಸಳೇಶ್ವರದ ಬಳಿಯಲ್ಲೇ. ಕಾಯುವವನು ಕೊಳ್ಳುತ್ತಾನೆ, ಹಾರ್ನ್ ಕೇಳಿ ಓಡುವವನು ಕೊಳ್ಳುವುದಿಲ್ಲ. ಪರವಾನಗಿ ಪಡೆದ ಮಾರ್ಗದರ್ಶಿಗಳಿಗೂ ಒಂದು ದೇವಾಲಯದ ಬದಲು ಮೂರು ತಾಣಗಳ ಸುತ್ತಾಟ ಸಿಕ್ಕರೆ ದರ ಹೆಚ್ಚಲು ಅವಕಾಶವಿದೆ, ದಿನಕ್ಕೆ ದೊರೆಯುವ ತಂಡಗಳ ಸಂಖ್ಯೆ ಕಡಿಮೆಯಾಗುತ್ತದೆ. ಈ ಎರಡರಲ್ಲಿ ಯಾವುದು ತೂಗುತ್ತದೆ ಎಂಬುದನ್ನು ಅವರನ್ನೇ ಕೂರಿಸಿ ಕೇಳಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರಾರು

ತಾಂತ್ರಿಕ ತೊಡಕಿಗಿಂತ ಆಡಳಿತದ ತೊಡಕೇ ದೊಡ್ಡದು. ಸ್ಮಾರಕದ ಆವರಣ ಕೇಂದ್ರ ಪುರಾತತ್ವ ಇಲಾಖೆಗೆ ಸೇರಿದ್ದು. ಗೇಟಿನಿಂದ ಹೊರಗೆ ಕಾಲಿಟ್ಟರೆ ರಸ್ತೆ ಒಬ್ಬರದು, ರಸ್ತೆಬದಿಯ ಅಂಗಡಿಗಳ ಪರವಾನಗಿ ಇನ್ನೊಬ್ಬರದು. ಫಲಕಗಳು ಪ್ರವಾಸೋದ್ಯಮ ಇಲಾಖೆಗೆ, ಬಸ್ ನಿಲ್ದಾಣ ಸಾರಿಗೆ ಸಂಸ್ಥೆಗೆ, ಸಂಚಾರ ನಿಯಂತ್ರಣ ಪೊಲೀಸರಿಗೆ, ಕಟ್ಟಡದ ಅನುಮತಿ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ನಿಲುಗಡೆ ಶುಲ್ಕ ಯಾರ ಖಾತೆಗೆ ಹೋಗುತ್ತದೆಯೋ ಅವರಿಗೆ ವಾಹನ ತಮ್ಮ ಜಾಗದಲ್ಲೇ ನಿಲ್ಲಲಿ ಎಂಬ ಆಸೆ ಇರುವುದು ಮಾನವ ಸಹಜ. ಶುಲ್ಕವನ್ನು ಒಂದೇ ಖಾತೆಗೆ ತಂದು, ಹಳೇಬೀಡಿಗೂ ಬಸ್ತಿಹಳ್ಳಿಗೂ ಪಾಲು ನಿಗದಿಪಡಿಸದೆ ಹೋದರೆ ಯಾವ ನಕ್ಷೆಯೂ ನೆಲಕ್ಕಿಳಿಯದು. ಬಸ್ತಿಹಳ್ಳಿಯ ಪಾಲಿನಲ್ಲಿ ಒಂದಂಶವನ್ನು ನಿಷೇಧಿತ ಪ್ರದೇಶದಲ್ಲಿರುವ ಮನೆಗಳ ದುರಸ್ತಿ ಅರ್ಜಿಗಳಿಗೆ ನಕ್ಷೆ, ದಾಖಲೆ ಸಿದ್ಧಪಡಿಸಿಕೊಡುವ ಒಂದು ಸಹಾಯ ಕೇಂದ್ರಕ್ಕೆ ಮೀಸಲಿಟ್ಟರೆ ಇಷ್ಟು ಕಾಲ ಹೊತ್ತ ಭಾರಕ್ಕೆ ಸಣ್ಣದೊಂದು ಪರಿಹಾರವಾದೀತು.

ಇಷ್ಟಾಗಿಯೂ ಇವೆಲ್ಲಕ್ಕೆ ಮೊದಲ ಹೆಜ್ಜೆಯಾಗಿ ಕೋಟಿಗಳ ಯೋಜನಾ ವರದಿಯೇನೂ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 115 ಮತ್ತು 117ನೇ ಕಲಂಗಳು ವಾಹನ ಸಂಚಾರವನ್ನು ನಿರ್ಬಂಧಿಸಲು ಮತ್ತು ನಿಲುಗಡೆಯ ಸ್ಥಳಗಳನ್ನು ಗೊತ್ತುಪಡಿಸಲು ಅಧಿಕಾರ ಕೊಡುತ್ತವೆ. ಒಂದು ಋತುವಿನ ಮಟ್ಟಿಗೆ, ಶನಿವಾರ ಮತ್ತು ಭಾನುವಾರಗಳಂದು ಮಾತ್ರ, ಪ್ರವಾಸಿ ಬಸ್ಸುಗಳು ಬಸ್ತಿಹಳ್ಳಿಯಲ್ಲಿ ಇಳಿಸಿ ಹೊಯ್ಸಳೇಶ್ವರದಲ್ಲಿ ಹತ್ತಿಸಿಕೊಳ್ಳಬೇಕೆಂದು ಆದೇಶಿಸಿ, ದಾರಿಯುದ್ದಕ್ಕೂ ಕನ್ನಡದಲ್ಲಿ ನಾಲ್ಕು ಕೈಮರ ನೆಟ್ಟು, ಮೂರೂ ತಾಣಗಳ ಬಾಗಿಲಲ್ಲಿ ಎಣಿಸುವವರನ್ನು ಕೂರಿಸಿದರೆ ಸಾಕು. ಒಂದು ಇಟ್ಟಿಗೆಯನ್ನೂ ಇಡಬೇಕಾಗಿಲ್ಲ. ಪಾರ್ಶ್ವನಾಥ ಬಸದಿಯೊಳಗೆ ಸಂಜೆಯ ಹೊತ್ತಿಗೆ ಬೆಳಕು ತಗ್ಗುವುದರಿಂದ ಮಧ್ಯಾಹ್ನದ ಬಳಿಕ ಬರುವ ಬಸ್ಸುಗಳಿಗೆ ಸಮಯದ ಸೂಚನೆಯನ್ನೂ ಬೇಲೂರಿನಲ್ಲಿಯೇ ಕೊಡಬೇಕಾಗುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬರತೊಡಗುವ ಡಿಸೆಂಬರ್‌ನ ಮೊದಲ ವಾರ ಇದಕ್ಕೆ ಸೂಕ್ತ ಕಾಲ.